ಹೆಸರಿನ ಜಾಗದಲ್ಲಿ ‘ಅಕ್ಕ’

ಹರಿಹರ,
ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೧೮೭

ಲೇಡೀಸ್ ಟೇಲರ್ ದಾದಾಪೀರ್ ಅವರಿಗೆ ನಮಸ್ಕಾರ.

ನಿಮ್ಮ ಊರಿನಿಂದಲೇ ಬರೆಯುತ್ತಿದ್ದೇನೆ, ಆದರೆ ನೂರ ಅರವತ್ತಮೂರು ವರ್ಷ ಮುಂದಿನಿಂದ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ಭಾಷೆಯೂ ಸ್ವಲ್ಪ ಒಣಗಿದೆ. ಈ ಕಾಗದ ಬರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ನನಗೀಗ ಎಪ್ಪತ್ತೊಂದು. ನನ್ನ ಹಾಳೆಯನ್ನು ನಿಮಗಾಗಿ ಖರ್ಚು ಮಾಡುತ್ತಿದ್ದೇನೆ, ಪೂರ್ತಿ ಓದಿ.

ಗುರುತು ಸಿಗದ ಹೆಣಕ್ಕೆ ನಾವು ನಂಬರ್ ಹಾಕಿ ಹೂಳುವುದಿಲ್ಲ. ಹೆಸರುಮನೆ ಎಂಬ ಶವಾಗಾರದಲ್ಲಿಟ್ಟು ಒಂದು ಮನೆತನಕ್ಕೆ ಒಪ್ಪಿಸುತ್ತೇವೆ. ಅವರು ಹೊಣೆಬಂಧುಗಳು, ಹೆಸರು ಹುಡುಕುವುದು ಅವರ ಹೊಣೆ. ಸತ್ತವರ ಹೆಸರು ಸಿಗುವ ತನಕ ತಮ್ಮ ಬಾಗಿಲಿಗೂ ಅವರು ಹೆಸರು ಬರೆಸುವಂತಿಲ್ಲ, ಕಾಗದಕ್ಕೂ ಹಾಕುವಂತಿಲ್ಲ. ನಮ್ಮ ಬಾಗಿಲು ಮೂರು ತಲೆಮಾರಿನಿಂದ ಬೋಳು; ಹಾಲಿನವಳು ಇಂದಿಗೂ ನಮ್ಮ ಹಾಲನ್ನು ಪಕ್ಕದ ಮನೆಗೆ ಕೊಟ್ಟು ಹೋಗುತ್ತಾಳೆ. ಮೂರನೆಯವಳು ನಾನು, ಕೊನೆಯವಳು. ನಾನು ಸತ್ತ ದಿನ ಹುಡುಕಾಟ ಮುಗಿಯಿತೆಂದು ಬರೆದು, ನಮ್ಮ ಮನೆತನಕ್ಕೆ ಒಪ್ಪಿಸಿದ ಹೆಂಗಸನ್ನು ಹೆಸರಿಲ್ಲದೆ ಸುಡುತ್ತಾರೆ. ಅದಕ್ಕೆ ನಾನು ಬಿಡುವುದಿಲ್ಲ.

ಆಕೆ ಸಿಕ್ಕಿದ್ದು ನನ್ನಜ್ಜಿಯ ಕಾಲದಲ್ಲಿ, ಮುಚ್ಚಿದ ಒಣಬಾವಿಯೊಂದನ್ನು ಅಗೆದಾಗ. ತಲೆಗೆ ಹಿಂದಿನಿಂದ ಹೊಡೆದು ಕೊಂದಿದ್ದರು. ಸೀರೆ ಮಣ್ಣಾಗಿತ್ತು, ಪಾಲಿಯೆಸ್ಟರ್ ಬ್ಲೌಸ್ ಉಳಿದಿತ್ತು. ನೀಲಿ ಬಟ್ಟೆ, ಸಾಸಿವೆ ಬಣ್ಣದ ಚಿಕ್ಕ ಹೂ. ತೋಳಿನ ಅಂಚಿನಲ್ಲಿ ಕಚ್ಚಾ ಹೊಲಿಗೆಯ ದಾರ ಇನ್ನೂ ಕಿತ್ತಿರಲಿಲ್ಲ; ಅಂಗಡಿಯಿಂದ ತಂದ ದಿನವೇ ತೊಟ್ಟಿದ್ದಾಳೆ. “ಹೊಲ್ದೋನು ಮರ್ತಿರಬೌದು, ಬರ್ದಿಟ್ಟಿರ್ತಾನೆ ಕಣವ್ವಾ” ಎನ್ನುತ್ತಿದ್ದಳು ಅಜ್ಜಿ. ಅಮ್ಮ ಊರೂರಿನ ಹಳೇ ಟ್ರಂಕುಗಳನ್ನು ತಡಕಿದಳು. ಹೋದ ತಿಂಗಳು, ನಿಮ್ಮ ವಂಶದವರ ಅಟ್ಟದಲ್ಲಿ, ನನಗೆ ನಿಮ್ಮ ಅಳತೆ ಪುಸ್ತಕ ಸಿಕ್ಕಿತು. ಪ್ರತಿ ಹಾಳೆಗೂ ಗಿರಾಕಿಯ ಬಟ್ಟೆಯ ಚೂರು ಪಿನ್ ಮಾಡಿದ್ದೀರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಒಂದು ಹಾಳೆಯಲ್ಲಿ ಅದೇ ನೀಲಿ ಚೂರು, ಅದೇ ಸಾಸಿವೆ ಬಣ್ಣದ ಹೂ. ಎದೆ, ಸೊಂಟ, ತೋಳು ಎಲ್ಲ ಇದೆ. ‘ಮಾರ್ಚ್ ೧೪, ಗುರುವಾರ ಸಂಜೆ ಕೊಡುವುದು.’ ಹೆಸರಿನ ಜಾಗದಲ್ಲಿ ‘ಅಕ್ಕ’.

ಸುಳ್ಳೇಕೆ, ಸಿಟ್ಟು ನೆತ್ತಿಗೇರಿತು. ಒಂದೇ ಸಲ ಬಂದವರದ್ದೂ ಹೆಸರು, ಓಣಿ ಸಮೇತ ಬರೆದಿದ್ದೀರಿ. ಆಮೇಲೆ ಹಿಂದಿನ ಹಾಳೆಗಳನ್ನು ತಿರುವಿದೆ. ಏಳು ವರ್ಷದಿಂದ ಅದೇ ಅಳತೆ, ಅದೇ ‘ಅಕ್ಕ’. ಅಷ್ಟು ಬಳಕೆಯಾದವಳ ಹೆಸರು ಬರೆಯುವ ಅಗತ್ಯವೇ ನಿಮಗೆ ಬೀಳಲಿಲ್ಲ. ಆ ಗುರುವಾರದ ನಂತರ ಆ ಅಳತೆ ಪುಸ್ತಕದಲ್ಲಿ ಮತ್ತೆ ಬಂದಿಲ್ಲ.

ಈ ಕಾಗದ ನಿಮಗೆ ಬುಧವಾರ ಮುಟ್ಟುತ್ತದೆ. ನಾಳೆ ಆಕೆ ಬಂದಾಗ ಹೆಸರು ಕೇಳಿ. “ಇಷ್ಟ್ ವರ್ಷ ಆದ್ಮೇಲೆ ಈಗ ಕೇಳ್ತೀಯಲ್ಲೋ ದಾದಾ, ನಾಚ್ಕೆ ಆಗಲ್ವಾ” ಎಂದು ನಕ್ಕಾಳು. ಬೈಸಿಕೊಳ್ಳಿ, ಆದರೆ ಬರೆಯಿರಿ. ಪೆನ್ಸಿಲ್ ಬೇಡ.

ಆಮೇಲೆ ಒಬ್ಬಳನ್ನೇ ಕಳಿಸಬೇಡಿ. ತೋಳಿನ ದಾರ ಕೀಳುವುದಿದೆ ಎಂದು ಕೂರಿಸಿಕೊಳ್ಳಿ, ಚಹಾ ತರಿಸಿ, ಅಂಗಡಿ ಮುಚ್ಚಿ ಮನೆ ತನಕ ಬಿಟ್ಟು ಬನ್ನಿ. ಆಕೆ ಬದುಕಿದರೆ ಬಾವಿಯಲ್ಲಿ ಯಾರೂ ಸಿಗುವುದಿಲ್ಲ. ಅಜ್ಜಿ, ಅಮ್ಮ, ನಾನು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಆಗಲಿ.

ಇಲ್ಲಿ ನನ್ನ ಹೆಸರು ಬರೆಯಬೇಕಿತ್ತು. ಮೊದಲು ಆಕೆಯದು.