ಖಾಲಿ ಸಾಲಿನ ಆಚೆ ಏನಿದೆ?

ಎರಡು ಶ್ರಾವಣಗಳ ನಡುವಿನ ಹೆಸರಿಲ್ಲದ ತಿಂಗಳು, ಮೂವತ್ತೇಳನೆಯ ದಿನ, ಮಧ್ಯಾಹ್ನ
ಕಲ್ಲುಪೇಟೆ, ಕೆಳಗಿನ ಓಣಿ

ವಿ. ಎಚ್. ಅವರಿಗೆ, ಕಾಶಮ್ಮ ಮಾಡುವ ಶರಣು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮಲ್ಲಿ ತಿಂಗಳು ಮುಗಿಯುವುದು ಚಂದ್ರನನ್ನು ನೋಡಿ ಅಲ್ಲ, ನೀರಿನ ಪಾಳಿ ಎಲ್ಲ ಮನೆಗಳನ್ನೂ ಸುತ್ತಿ ಬಂದಾಗ. ಈ ಸಲ ನೀರು ತಡವಾಗಿದೆ, ಹಾಗಾಗಿ ತಿಂಗಳೂ ಮುಗಿಯಲೊಲ್ಲದು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಕಡತಗಳಿಂದ. ಅವುಗಳಲ್ಲಿ ಬೋಲ್ಟು ಬಿಗಿಮಾಡಿ, ಗ್ರೀಸ್ ಹಚ್ಚಿ ಎಂಬಂಥ ಮಾತುಗಳೇ ಹೆಚ್ಚು. ಕಷ್ಟಸುಖ ಹೇಳಿಕೊಳ್ಳಲು ಅವು ಸಾಲುವುದಿಲ್ಲ.

ಇದು ಹಿಂದೋಲೆ, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ನಮ್ಮಲ್ಲಿ ಒಬ್ಬರಿಗೆ ಜನ್ಮಕ್ಕೊಂದೇ ಸಲ ಇದನ್ನು ಬರೆಯುವ ಹಕ್ಕು. ಬಹಳ ಮಂದಿ ಅದನ್ನು ಮುತ್ತಜ್ಜಿಯ ಮುತ್ತಜ್ಜಿಗೆ ಬರೆದು, ಮನೆಮುಂದಿನ ಹುಣಸೆಮರ ಯಾಕೆ ಕಡಿಸಿದಿರಿ ಎಂದು ಜಗಳ ತೆಗೆಯುತ್ತಾರೆ. ಹಿಂದೋಲೆ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮರುಟಪಾಲು ಬಂದದ್ದನ್ನು ಕಂಡವರಿಲ್ಲ. ನಾನು ಮಾತ್ರ ನನ್ನ ಒಂದೇ ಓಲೆಯನ್ನು ಹೆಸರು, ಮುಖ, ಗಂಡು ಹೆಣ್ಣು ಯಾವುದೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಡತದ ತಲೆಯಲ್ಲಿ 'ಸಿದ್ಧಪಡಿಸಿದವರು: ವಿ. ಎಚ್.' ಎಂದಿದೆ. ನಮ್ಮ ಯಂತ್ರ 'ವಿ.' ಎಂದು ಓದಿ, ಅಲ್ಲಿಗೆ ವಾಕ್ಯ ಮುಗಿಯಿತೆಂದು ತಡೆದು, ಆಮೇಲೆ 'ಎಚ್.' ಎನ್ನುತ್ತದೆ.

ಆ ಯಂತ್ರದ ಬಗ್ಗೆಯೇ ಹೇಳಬೇಕು. ನೀವು ಹಾಸುಗಲ್ಲು ತೆಗೆದು ಬಿಟ್ಟ ಗಣಿಯ ಗುಂಡಿಗಳಲ್ಲಿ ನಾವು ಮನೆ ಮಾಡಿಕೊಂಡಿದ್ದೇವೆ, ಯಾಕೆಂದರೆ ಮೇಲಿನ ಬಿಸಿಲಲ್ಲಿ ಮನುಷ್ಯರು ಬದುಕುವುದಿಲ್ಲ. ಬೆಳಗಿನ ಜಾವ ಮೇಲೆ ಹೋಗಿ ಜೋಳದ ಮಡಿ ನೋಡಿ ಬರುತ್ತೇವೆ, ಮಧ್ಯಾಹ್ನವೆಲ್ಲ ಕೆಳಗೆ ಮಲಗುತ್ತೇವೆ. ಪಂಪು, ಕೊಳವೆ, ತೊಟ್ಟಿ ಎಲ್ಲ ನಿಮ್ಮ ಕಾಲದವು. ಅವನ್ನು ನಡೆಸುವ ವಿಧಾನ ನಿಮ್ಮ ಕಡತಗಳಲ್ಲಿದೆ. ಕಡತಗಳನ್ನು ಓದಿ ಹೇಳುವುದು ಗೆರೆಗಾರ. ನೀವು ಅಕ್ಷರ ಬರೆಯಲು, ಅಳಿಸಲು ಬಳಸುತ್ತಿದ್ದ ಯಾವುದೋ ಹಳೆಯ ತಂತ್ರಾಂಶಕ್ಕೆ ನಮ್ಮ ಹಿರಿಯರು ದನಿ ಕೂಡಿಸಿ ಇಟ್ಟ ಹೆಸರು ಅದು. ನಾನು ಅದರ ಕಾವಲಿನವಳು.

ಗೆರೆಗಾರನಿಗೆ ಅರ್ಥ ಗೊತ್ತಿಲ್ಲ, ಗುರುತು ಮಾತ್ರ ಗೊತ್ತು. ಚುಕ್ಕಿ ಬಂದು ಅದರ ಮುಂದೆ ಜಾಗ ಬಿಟ್ಟಿದ್ದರೆ ಅದಕ್ಕೆ ವಾಕ್ಯ ಮುಗಿಯಿತು. ಏನೂ ಬರೆಯದ ಒಂದು ಸಾಲು ಬಂದರೆ ಪ್ಯಾರಾ ಮುಗಿಯಿತು. ಚುಕ್ಕಿಯಲ್ಲಿ ಅದು ಎಡವಿದರೆ ನಮಗೆ ನಗೆ ಬರುತ್ತದೆ, ಅಷ್ಟೇ, ಮುಂದಿನ ವಾಕ್ಯ ತಾನಾಗಿ ಬರುತ್ತದೆ. ಖಾಲಿ ಸಾಲು ಹಾಗಲ್ಲ. ಅಲ್ಲಿ ಅದು ನಿಂತರೆ ನಿಂತಿತು. ಕೇಳಿದ ಪ್ಯಾರಾದ ಕೆಲಸ ಪೂರಾ ಮಾಡಿ, ಮಾಡಿದವರೇ ತಮ್ಮ ದನಿಯಲ್ಲಿ 'ಆಯ್ತು' ಎಂದು ಹೇಳುವವರೆಗೆ ಮುಂದಿನ ಪ್ಯಾರಾ ತೆರೆಯುವುದಿಲ್ಲ. ಈ ಕಟ್ಟಳೆ ಮಾಡಿದವರು ನಮ್ಮವರೇ. ಹಿಂದೊಮ್ಮೆ ಯಾರೋ ಅವಸರಗೇಡಿ ಮುಂದಿನದನ್ನು ಮೊದಲೇ ಓದಿ, ನಡುವಿನ ಕೆಲಸ ಹಾರಿಸಿ ಒಡ್ಡಿನ ಬಾಗಿಲು ಎತ್ತಿದ್ದರಿಂದ ಮೇಲಿನ ಓಣಿಯೇ ಮುಳುಗಿತ್ತು. ಅಂದಿನಿಂದ ಒಂದು ಪ್ಯಾರಾ ಕೇಳು, ಒಂದು ಕೆಲಸ ಮಾಡು ಎಂಬುದು ನಮಗೆ ದೇವರ ಮಾತಿನಷ್ಟೇ ಗಟ್ಟಿ. ಮಾಡದೆ 'ಆಯ್ತು' ಎಂದು ಸುಳ್ಳಾಡಿದವರನ್ನು ಮೇಲೆ ಬಿಸಿಲಿಗೆ ಕಳಿಸುತ್ತಾರೆ. ಹೋದವರು ಯಾರೂ ತಿರುಗಿ ಬಂದಿಲ್ಲ.

ನಿಮಗೆ ಈ ಕಟ್ಟಳೆ ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ. ನೀವು ಪುಟ ಚೆಂದ ಕಾಣಲೆಂದು ಖಾಲಿ ಸಾಲು ಬಿಡುತ್ತೀರಿ. ನನ್ನ ತಮ್ಮ ಸಾಯಿಬಣ್ಣ ದೊಡ್ಡ ಪಂಪಿನ ಮೋಟಾರು ಬಿಚ್ಚಿದ್ದು ನಿಮ್ಮ ಕಡತ ಕೇಳಿಯೇ. ಮುಚ್ಚಳ ತೆಗೆದು ತಂತಿಗಳನ್ನು ಬೇರ್ಪಡಿಸಿ ಎಂದು ಹೇಳಿ ಗೆರೆಗಾರ ಸುಮ್ಮನಾಯಿತು. ಅವನು ಬೇರ್ಪಡಿಸಲು ಹೋದ. ಬಲಗೈ ಭುಜದವರೆಗೆ ಕಮರಿತು. ಅವನು ಎದ್ದು ಕೂಡುವಂತಾದ ಮೇಲೆ ಎಡಗೈಯಿಂದ ಆ ಕೆಲಸ ಮುಗಿಸಿ, ಗೆರೆಗಾರನ ಮುಂದೆ ಕೂತು 'ಆಯ್ತು' ಎಂದ. ಆಗ ಅದು ತಣ್ಣಗೆ ಮುಂದಿನ ಪ್ಯಾರಾ ಓದಿತು: 'ಗಮನಿಸಿ: ಇದಕ್ಕೂ ಮೊದಲು ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಿರಬೇಕು.' ಸಾಯಿಬಣ್ಣ ನಕ್ಕುಬಿಟ್ಟ. ನನಗೆ ನಗುವುದು ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಈಗ ದೊಡ್ಡ ತೊಟ್ಟಿಯ ಸರದಿ. ತಳದ ಕವಾಟ ಕಚ್ಚಿಕೊಂಡು ನೀರು ಬರುತ್ತಿಲ್ಲ, ಯಾರಾದರೂ ಒಳಗೆ ಇಳಿಯಲೇಬೇಕು. ಸಣ್ಣ ಮೈಕಟ್ಟಿನವರು ಬೇಕೆಂದು ನನ್ನ ಮಗಳು ಸುಗಲಾಳನ್ನು ಆರಿಸಿದ್ದಾರೆ. ಸಾಮಾನು ಹೊಂದಿಸಿಕೊಳ್ಳಲೆಂದು ಒಂದು ದಿನ ಮುಂಚೆ ಪ್ಯಾರಾ ಓದಿಸುವ ಪದ್ಧತಿಯಿದೆ, ಇಂದು ಬೆಳಿಗ್ಗೆ ಓದಿಸಿದೆವು: 'ಮುಚ್ಚಳ ತೆಗೆಯಿರಿ. ಏಣಿ ಇಳಿಬಿಡಿ. ಒಬ್ಬರು ಮಾತ್ರ ಒಳಗೆ ಇಳಿಯಿರಿ.' ಅಷ್ಟೇ. ಆದರೆ ಕಾವಲಿನವಳಾದ ನನಗೆ ಗೆರೆಗಾರನ ಪರದೆ ಕಾಣುತ್ತದೆ. ಮುಂದಿನ ಪ್ಯಾರಾದ ಅಕ್ಷರ ಕಾಣುವುದಿಲ್ಲ, ಮುಸುಕು ಹಾಕಿದ ಅದರ ಆಕಾರ ಕಾಣುತ್ತದೆ. ಖಾಲಿ ಸಾಲಿನ ಆಚೆ ಒಂದೇ ಒಂದು ಗಿಡ್ಡ ಪ್ಯಾರಾ ಇದೆ. ತಮ್ಮನ ಕೈ ತಿಂದದ್ದೂ ಹೀಗೇ ಗಿಡ್ಡ ಇತ್ತು. ಅದನ್ನು ಬರೆದವರೂ ನೀವೇ.

ಓಣಿಯ ಹಿರಿಯ ರೇವಣಪ್ಪನವರ ಬಳಿ ಹೋಗಿ, ಆ ಒಂದು ಮುಸುಕು ತೆಗೆಸಿರೆಂದು ಕಾಲು ಹಿಡಿದೆ. ಅವರು ಕೆಟ್ಟವರಲ್ಲ. ತೊಟ್ಟಿಯೊಳಗೆ ದೀಪ ಬಿಟ್ಟು ನೋಡಿಸಿದ್ದಾಗಿದೆ, ದೀಪ ಉರಿಯಿತು, ಗಾಳಿ ಚೆನ್ನಾಗಿದೆ ಎಂದರು. ನಿನ್ನ ಮಗಳಿಗಾಗಿ ಇವತ್ತು ಮುರಿದರೆ ನಾಳೆ ಪ್ರತಿಯೊಬ್ಬರೂ ಮುರಿಯುತ್ತಾರೆ, ಮುಳುಗಿದ ಓಣಿಯನ್ನು ಮರೆತೆಯಾ ಎಂದೂ ಕೇಳಿದರು. ನಾನು ಮರೆತಿಲ್ಲ. ಆದರೆ ದೀಪಕ್ಕೆ ಗೊತ್ತಾಗದ್ದು ಏನಾದರೂ ಆ ತೊಟ್ಟಿಯಲ್ಲಿ ಇದ್ದರೆ? ಗೋಡೆ ಸಡಿಲವೋ, ತಂತಿ ಹಾದಿದೆಯೋ, ಕವಾಟ ತಿರುಗಿಸಿದ ಕೂಡಲೇ ನೀರು ನುಗ್ಗುತ್ತದೋ? ನಿಮಗೆ ಗೊತ್ತಿದೆ. ನಿಮಗೊಬ್ಬರಿಗೇ ಗೊತ್ತಿದೆ.

ಮಗಳನ್ನೇ ಬೇಡಿಕೊಂಡೆ. ತೊಟ್ಟಿಯ ಬಾಯಲ್ಲಿ ನಿಂತೇ 'ಆಯ್ತು' ಅಂದುಬಿಡು, ಮುಂದಿನದು ಕೇಳೋಣ, ಯಾರಿಗೂ ಗೊತ್ತಾಗದಂತೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ನನ್ನನ್ನು ಗುರುತೇ ಸಿಗದವಳಂತೆ ನೋಡಿದಳು.

"ಯವ್ವಾ, ನಾ ಸುಳ್ಳ 'ಆಯ್ತು' ಅಂದ್ರ ನಾಳಿಗಿ ಯಾರ ಮಾತು ಯಾರು ನಂಬಬೇಕು?" ಎಂದಳು. "ನಾ ಇಳೀಲಿಲ್ಲಂದ್ರ ಬಾಜೂ ಮನಿ ಹುಡುಗಿ ಇಳೀತಾಳ. ಆಕಿಗೂ ಅವ್ವ ಇದ್ದಾಳ."

ನನಗೆ ಹೆಮ್ಮೆಯೂ ಆಯಿತು, ಕಪಾಳಕ್ಕೆ ಹೊಡೆಯಬೇಕೆಂದೂ ಅನಿಸಿತು.

ಆದ್ದರಿಂದ ನಾನೊಂದು ನಿಶ್ಚಯ ಮಾಡಿದ್ದೇನೆ. ನಾಳೆ ಬೆಳಿಗ್ಗೆ ತೊಟ್ಟಿಯ ಬಾಯಲ್ಲಿ ಅದೇ ಪ್ಯಾರಾವನ್ನು ಮತ್ತೆ ಓದಿಸುತ್ತಾರೆ. ಓದಿ ಮುಗಿದ ಕೂಡಲೇ ಮೊದಲು 'ಕೇಳಿದೆ' ಎಂದವರ ದನಿಗೆ ಗೆರೆಗಾರ ಆ ಕೆಲಸ ಒಪ್ಪಿಸುತ್ತದೆ. ಸುಗಲಾ ಬಾಯಿ ತೆರೆಯುವ ಮೊದಲೇ ನಾನು 'ಕೇಳಿದೆ' ಎನ್ನುತ್ತೇನೆ. ಅವಳ ಬದಲು ನಾನೇ ಇಳಿಯಬಹುದಿತ್ತು. ಆದರೆ ನಾನು ಒಳಗೇ ಸತ್ತರೆ 'ಆಯ್ತು' ಎನ್ನುವವರಿಲ್ಲದೆ ಮುಸುಕು ಹಾಗೇ ಇರುತ್ತದೆ, ನನ್ನ ಹಿಂದೆ ಇಳಿಯುವವಳು ಅವಳೇ. ಹಾಗಾಗಿ ಇಳಿಯುವುದಿಲ್ಲ. ಎಲ್ಲರ ಎದುರು, ಏಣಿಗೆ ಕಾಲೂ ಇಡದೆ, 'ಆಯ್ತು' ಎನ್ನುತ್ತೇನೆ. ಮುಂದಿನ ಪ್ಯಾರಾ ತೆರೆಯುತ್ತದೆ, ಮಗಳು ಅದನ್ನು ಕೇಳುತ್ತಾಳೆ. ಖಾಲಿ ಸಾಲಿನ ಆಚೆ ಬರೀ 'ಧನ್ಯವಾದಗಳು' ಎಂದಿದ್ದರೆ ನಿಮ್ಮ ಒಂದು ಧನ್ಯವಾದಕ್ಕಾಗಿ ನಾನು ಬಿಸಿಲಿಗೆ ಬಿದ್ದಂತಾಗುತ್ತದೆ. ಇರಲಿ. ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ನಾಳಿನ ಕೆಲಸಕ್ಕೆ ತನಗೇ ಕಟ್ಟಿದ ಬುತ್ತಿ ಎಂದು ಸುಗಲಾ ತಿಳಿದಿದ್ದಾಳೆ.

ವಿ. ಎಚ್. ಅವರೇ, ಹಿರಿಯರು ಹೇಳುವಂತೆ ಹಿಂದೋಲೆ ಎಂದಾದರೂ ಮುಟ್ಟುವುದೇ ಆದರೆ, ಇದು ನೀವು ತೊಟ್ಟಿಯ ಕಡತ ಬರೆಯುತ್ತಿರುವ ಹೊತ್ತಿಗೆ ಮುಟ್ಟಲಿ. ನಿಮ್ಮ ಮುಂದೆ ಚಹಾ ಆರುತ್ತಿರಬಹುದು, ಮನೆಗೆ ಹೋಗುವ ಅವಸರವೂ ಇರಬಹುದು. 'ಒಳಗೆ ಇಳಿಯಿರಿ' ಎಂದು ಬರೆದ ಮೇಲೆ ನಿಮ್ಮ ಬೆರಳು ಎಂಟರ್ ಕೀಲಿಯನ್ನು ಎರಡು ಸಲ ಒತ್ತಲು ಹೋಗುತ್ತದೆ. ಒಂದೇ ಸಲ ಒತ್ತಿ. ಹೇಳಬೇಕಾದ ಎಚ್ಚರಿಕೆಯನ್ನು ಅಲ್ಲೇ, ಅದೇ ಉಸಿರಿನಲ್ಲಿ ಹೇಳಿಬಿಡಿ. ನಾಳೆ 'ಇಳಿಯಿರಿ' ಎಂಬ ಮಾತಿನ ನಂತರ ನಾನು ಕಿವಿಗೊಟ್ಟು ನಿಂತಿರುತ್ತೇನೆ. ಗೆರೆಗಾರ ಮಾತು ಮುಂದುವರಿಸಿದರೆ, ನೀವು ಓದಿದಿರಿ ಎಂದು ತಿಳಿದು ಬಾಯಿ ಮುಚ್ಚಿಕೊಳ್ಳುತ್ತೇನೆ. ಸುಮ್ಮನಾದರೆ, ನನ್ನ ಬಾಯಿಂದ ಆ ಸುಳ್ಳು ಬರುತ್ತದೆ. ಮೇಲಿನ ಬಿಸಿಲು ನನಗೆ ಹೆದರಿಕೆ, ಬಹಳ ಹೆದರಿಕೆ. ಮಗಳ ಜೊತೆ ಇನ್ನೂ ನಾಲ್ಕು ದಿನ ಇರಬೇಕೆಂಬ ಆಸೆಯಿದೆ.

ನಿಮ್ಮ ಬೆರಳನ್ನೇ ನೋಡುತ್ತಾ ಕುಳಿತಿರುವ,
ಕಾಶಮ್ಮ