ತಳ ಕಾಣುವವರೆಗೆ

ತಮ್ಮಾ,

ಅಮ್ಮನನ್ನು ಮಂಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ನೀರಿನಲ್ಲಿ ನಡೆಯಬಹುದು ಅಂತ ಅವರು ಒಪ್ಪಿದರೆ ನಾಳೆಯೇ ನಮ್ಮ ಹಿತ್ತಲ ಈಜುಕೊಳಕ್ಕೆ ಇಳಿಸಬೇಕು. ಬೀದಿಯ ಮಕ್ಕಳಿಗೆಲ್ಲ ಈಜು ಕಲಿಸಿದವಳು, ಕೊಳದ ಪಾಚಿ ನೋಡಿ ಆಗಲೇ ಅಂದಳು: "ತಳ ಕಾಣದ ನೀರಿಗೆ ಮಕ್ಕಳನ್ನೇ ಬಿಟ್ಟವಳಲ್ಲ ನಾನು. ಈಗ ಈ ಕುಂಟು ಕಾಲು ಇಡ್ತೀನಾ?"

ನಿನ್ನೆ ಗೋಡೆಯ ಪಾಚಿ ಉಜ್ಜಿ, ಪಟಿಕ ಕರಗಿಸಿ ಹಾಕಿದ್ದೆ. ದೇವರ ದಯೆ, ಕೊಳೆಯೆಲ್ಲ ತಳಕ್ಕೆ ಕೂತಿದೆ. ನಾವು ಬರುವುದರೊಳಗೆ ಅದನ್ನು ಹೀರಿ ತೆಗೆಯುವ ಕೆಲಸ ನಿನ್ನದು. ಅವಸರದ ರಾಯ, ಅದನ್ನು ಕದಡಬೇಡ.

ಮೋಟಾರ್ ಆರಿಸಿದ ಮೇಲೆಯೇ ವಾಲ್ವಿನ ಹಿಡಿಯನ್ನು ಹೊರಗಿನ ಚರಂಡಿಯ ಕಡೆಗೆ ತಿರುಗಿಸು. ಫಿಲ್ಟರ್ ಕಡೆಗೆ ಬೇಡಪ್ಪಾ! ಹೋದ ಸಲ ನೀನು ಪಾಚಿಯನ್ನೆಲ್ಲ ಅದಕ್ಕೆ ನುಂಗಿಸಿದೆ. ಫಿಲ್ಟರಿನೊಳಗೆ ಕಟ್ಟಿಕೊಂಡ ಮರಳನ್ನು ಎರಡು ದಿನ ತೊಳೆದವಳು ನಾನು. ಆಮೇಲೆ ಮೋಟಾರ್ ಹಾಕಿ, ಹೀರುವ ಬ್ರಷ್ಷನ್ನು ಮಲಗಿದ ಮಗುವಿನ ಹೊದಿಕೆ ಸರಿಮಾಡುವ ಹಾಗೆ ಮೆಲ್ಲಗೆ ಎಳೆ. ಕೊಳದ ನೀರು ಇಳಿಯುತ್ತದೆ, ತುಂಬಿಕೊಳ್ಳಲು ನಲ್ಲಿಯ ಪೈಪ್ ಅದರೊಳಗೆ ಬಿಟ್ಟಿರು. ಕದಡಿದರೆ ನಿಲ್ಲಿಸಿ ಸುಮ್ಮನೆ ಕೂರು. ಕೆಸರು ಇಳಿಯುವ ತನಕ ಕಾಯದವನು ಕೆರೆಯ ದಡದಲ್ಲೇ ಬಾಯಾರಿ ಹೋದ ಅಂತ ಅಜ್ಜಿ ಕಥೆ ಹೇಳುತ್ತಿರಲಿಲ್ಲವೇ?

ಕ್ಲೋರಿನ್ ಮುಟ್ಟಬೇಡ, ಬಂದು ನಾನೇ ನೋಡುತ್ತೇನೆ.

ಬೆಳಗಿನಿಂದ ಮೂರು ಸಲ ಕೊಳದ ಹತ್ತಿರ ಹೋಗಿ ಬಂದೆ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಇಳಿಯಲ್ಲ ಅಂದ ಅಮ್ಮ ಹಳೆಯ ಈಜುಡುಪು ಒಗೆದು, ಹಗ್ಗದ ಮೇಲೆ ಟವೆಲಿನ ಅಡಿಯಲ್ಲಿ ಬಚ್ಚಿಟ್ಟು ಒಣಹಾಕಿದ್ದಾಳೆ. ನೀನೂ ಕಾಣದವನ ಹಾಗೇ ಇರು.

ಅಕ್ಕ