ನಡುಗದ ದನಿ

ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಹಡಗಿನ ಊಟ ಈಗಲಾದರೂ ಒಗ್ಗಿತೇ? ನಿನ್ನ ಎರಡು ಪತ್ರಗಳು ಬಂದು ಬಹಳ ದಿನವಾಯಿತು. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದು ತಳ್ಳುತ್ತಾ ಬಂದೆ, ಕೋಪ ಮಾಡಿಕೊಳ್ಳಬೇಡ. ನೀನು ಮುಂದಿನ ಬಂದರಿಗೆ ಇಳಿಯುವಷ್ಟರಲ್ಲಿ ಇದು ನಿನ್ನ ಕೈ ಸೇರಲಿ ಎಂದು ಇವತ್ತು ಹಟ ಹಿಡಿದು ಕುಳಿತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ‘ಹಲೋ’ ಕೇಳಿದ ಕೂಡಲೇ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ.

ಸಮುದ್ರದ ತಳದಲ್ಲೂ ಬೆಟ್ಟಗಳಿವೆ, ಅವುಗಳ ನಕ್ಷೆ ಬರೆಯುತ್ತಿದ್ದೇವೆ ಎಂದು ಬರೆದಿದ್ದೆಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆ. ಹುಬ್ಬೇರಿಸಿ ಕೇಳಿಸಿಕೊಂಡಳು. ಮಗಳು ಯಾರೂ ಕಾಣದ್ದನ್ನು ಅಳೆಯುತ್ತಾಳೆ ಎಂದು ಅವಳಿಗೆ ಹೆಮ್ಮೆ.

ನೀನು ಹೊರಟಾಗ ಅಮ್ಮನ ಕ್ಯಾನ್ಸರ್ ಆಪರೇಷನ್ ಆಗಿ, ಗಂಟಲಿನ ಗಾಯ ಮಾಯುತ್ತಿತ್ತು. ಧ್ವನಿಪೆಟ್ಟಿಗೆ ತೆಗೆದ ಮೇಲೆ ಇನ್ನು ಮಾತಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನು ಒಪ್ಪಲಿಲ್ಲ. ಜೀವನವಿಡೀ ಯಂತ್ರಗಳಿಗೆ ಮಾತು ಕಲಿಸಿದವನು ನಾನು. ಬ್ಯಾಂಕಿಗೆ ಫೋನು ಮಾಡಿದರೆ ‘ಒಂದನ್ನು ಒತ್ತಿ’ ಎಂದು ಜನರ ತಾಳ್ಮೆ ಕೆಡಿಸುವವಳು ನನ್ನ ಸೃಷ್ಟಿಯೇ. ಸ್ವಂತ ಹೆಂಡತಿಗೆ ದನಿ ಕಟ್ಟಿಕೊಡಲಾರೆನೇ?

ಅಮ್ಮ ವಿದ್ಯುತ್ ಕಂಟ್ರೋಲ್ ರೂಮಿನಲ್ಲಿ ಕುಳಿತು ಸಬ್‌ಸ್ಟೇಷನ್‌ಗಳಿಗೆ ಹೇಳುತ್ತಿದ್ದ ಮಾತೆಲ್ಲ ನಿಯಮದ ಪ್ರಕಾರ ರೆಕಾರ್ಡ್ ಆಗುತ್ತಿತ್ತು. ‘ಲೋಡ್ ಇಳಿಸಿ’, ‘ಲೈನ್ ತೆಗೆಯಿರಿ’, ‘ಇನ್ನೊಮ್ಮೆ ಹೇಳಿ’. ಅವಳ ಆಫೀಸಿನವರು ಹಳೆಯದನ್ನೆಲ್ಲ ನಾಶ ಮಾಡುವವರಿದ್ದರು; ಅದಕ್ಕೆ ಮೊದಲು ಕೇಳಿಕೊಂಡು ಮನೆಗೆ ತಂದೆ. ಅದರಿಂದ ಅವಳ ದನಿ ಹೆಕ್ಕಿ, ಟೈಪು ಮಾಡಿದ್ದನ್ನು ಅವಳಂತೆಯೇ ಆಡುವ ಯಂತ್ರ ಮಾಡಿದೆ. ಮೊದಲ ದಿನ ಅವಳು ‘ಟೀ ಕುಡೀತೀರಾ’ ಎಂದು ಟೈಪಿಸಿದಳು. ಯಾವುದೋ ಸಬ್‌ಸ್ಟೇಷನ್‌ಗೆ ಟೀ ಕುಡಿಯಲು ಆದೇಶ ಹೋದ ಹಾಗಿತ್ತು. ಅಮ್ಮ ಸದ್ದಿಲ್ಲದೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ನಿನ್ನ ಚಿಕ್ಕಮ್ಮ ಬಂದವಳು, ಇದು ನಮ್ಮಕ್ಕನ ದನಿಯೇ ಎಂದು ಅತ್ತು, ಮತ್ತೆ ಮತ್ತೆ ಆಡಿಸಿ ಕೇಳಿದಳು. ಆಗ ಎಲ್ಲರೂ ಯಂತ್ರದ ಕಡೆ ನೋಡುತ್ತಿದ್ದೆವು. ಅಮ್ಮನ ಮುಖ ಯಾರೂ ನೋಡಲಿಲ್ಲ.

ಕಳೆದ ತಿಂಗಳು ಅವಳ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿತು. ಪರೀಕ್ಷೆಗೆ ಕೊಟ್ಟು ಬಂದಿದ್ದೆವು. ಆ ವಾರವೇ ಕಂಟ್ರೋಲ್ ರೂಮಿನ ಹಳೆಯ ಗೆಳತಿಯರು ಮನೆಗೆ ಬಂದರು. ಹರಟೆ ಜೋರಾಗಿತ್ತು. ಹೇಗಿದ್ದೀಯ ಎಂದು ಅವರಲ್ಲೊಬ್ಬಳು ಕೇಳಿದಾಗ ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಟೈಪಿಸಿದಳು.

“ನಂಗೆ ತುಂಬಾ ಭಯ ಆಗ್ತಿದೆ,” ಎಂದಿತು ಯಂತ್ರ. ಲೋಡಿನ ಅಂಕಿ ಓದುತ್ತಿದ್ದಳಲ್ಲ, ಅದೇ ತಣ್ಣನೆಯ, ಖಡಕ್ ದನಿ.

ಎಲ್ಲರೂ ಗೊಳ್ಳೆಂದು ನಕ್ಕರು. ಇವಳು ತಮಾಷೆ ಬಿಟ್ಟಿಲ್ಲ ನೋಡಿ ಎಂದರು. ಪುಟ್ಟಿ, ನಾನೂ ನಕ್ಕೆ. ಅಮ್ಮ ಎಲ್ಲರನ್ನೂ ಒಂದು ಸುತ್ತು ನೋಡಿ ಯಂತ್ರದ ಮುಚ್ಚಳ ಹಾಕಿದಳು.

ಅವರು ಹೋದ ಮೇಲೆ ನನಗೆ ಅರ್ಥವಾಯಿತು. ಅರ್ಥವಾಗಿಯೂ ನಾನು ಮಾಡಿದ್ದೇನು? ಅವಳ ಪಕ್ಕ ಕೂರುವ ಬದಲು ಕಂಪ್ಯೂಟರ್ ಮುಂದೆ ಕೂತೆ. ದನಿಯಲ್ಲಿ ಭಯ ತುಂಬಬೇಕಿತ್ತು ನನಗೆ. ಅಷ್ಟು ವರ್ಷಗಳ ಮಾತಿನಲ್ಲಿ ಎಲ್ಲಾದರೂ ಒಂದು ನಡುಕ ಸಿಕ್ಕೀತೆಂದು ಹುಡುಕಿದೆ. ಅರ್ಧ ರಾಜ್ಯ ಕತ್ತಲಾದ ಆ ದಿನದ ರೆಕಾರ್ಡಿಂಗೂ ಕೇಳಿದೆ. ಆಚೆ ತುದಿಯಲ್ಲಿ ಗಂಡಸರು ಕಿರುಚುತ್ತಿದ್ದಾರೆ; ಅಮ್ಮನ ದನಿ ಮಾತ್ರ ಅಲುಗಿಲ್ಲ. ಹೋಗಿ ಹೆಮ್ಮೆಯಿಂದ ಹೇಳಿದೆ, ಅವತ್ತೂ ನಿನಗೆ ಭಯ ಆಗಿರಲಿಲ್ಲ ಕಣೇ ಎಂದು.

ಅವಳು ಯಂತ್ರ ಮುಟ್ಟಲಿಲ್ಲ. ಪೇಪರಿನ ಅಂಚಿನಲ್ಲಿ ಬರೆದು ನನ್ನತ್ತ ಸರಿಸಿದಳು.

“ಅವತ್ತು ಮೇಜಿನ ಕೆಳಗೆ ನನ್ನ ಕೈ ನಡುಗ್ತಾ ಇತ್ತು. ದನಿ ಮಾತ್ರ ಗಟ್ಟಿಯಾಗಿ ಇಟ್ಕೊಂಡಿದ್ದೆ. ನೀವು ಅದನ್ನೇ ತಂದು ನಂಗೆ ಕಟ್ಟಿದ್ರಿ.”

ಪರೀಕ್ಷೆಯ ಫಲಿತಾಂಶ ಬಂತು. ಗಂಟು ಕೆಟ್ಟದ್ದೇ, ಶ್ವಾಸಕೋಶಕ್ಕೂ ಹಬ್ಬಿದೆ. ಇನ್ನೊಂದು ಆಪರೇಷನ್ ಮಾತೇ ಇಲ್ಲ, ನೋವಾಗದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರು. ಅಮ್ಮ ತಲೆಯಾಡಿಸಿದಳು. ಮನೆಗೆ ಬಂದು ಚಪ್ಪಲಿ ಬಿಟ್ಟು ನೇರ ನನ್ನ ಕೋಣೆಗೆ ಹೋದಳು. ಅವಳಿಗೆ ಯಂತ್ರಗಳ ಕೆಲಸ ಯಾರೂ ಹೇಳಿಕೊಡಬೇಕಿಲ್ಲವಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆಯೇ ಕಟ್ಟಿದ ದನಿಯನ್ನೂ, ಅದಕ್ಕೆ ಮೂಲವಾದ ರೆಕಾರ್ಡಿಂಗುಗಳನ್ನೂ ಒಂದೊಂದಾಗಿ ಅಳಿಸಿದಳು. ಮುಗಿಸಿ ಎದ್ದು, ಹೋಗುವಾಗ ನನ್ನ ತೋಳು ಹಿಡಿದು ಒಂದು ಗಳಿಗೆ ನಿಂತಳು. ಅವಳ ಕೈ ನಡುಗುತ್ತಿತ್ತು.

ಈಗ ಹೆಚ್ಚು ಹೊತ್ತು ಕಿಟಕಿಯ ಬಳಿ ಮಲಗಿರುತ್ತಾಳೆ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತೇನೆ. ಕೆಲಸ ಅರ್ಧಕ್ಕೆ ಬಿಟ್ಟು ಬಾ ಎಂದು ನಿನಗೆ ಬರೆಯಬಾರದೆಂದು ಅವಳ ಕಟ್ಟಪ್ಪಣೆ. ನಾನು ಬರೆಯುತ್ತಿದ್ದೇನೆ. ಬಂದರಿಗೆ ಇಳಿದ ಕೂಡಲೇ ಹೊರಟು ಬಾ ಮಗಳೇ. ತಡ ಮಾಡಬೇಡ.

ಎಲ್ಲಿದ್ದರೂ ನೀನು ಚೆನ್ನಾಗಿರು. ನೀನು ಹಿಡಿದ ಕೆಲಸ ಕೈಗೂಡಲಿ, ನಿನ್ನ ದಾರಿ ಸುಗಮವಾಗಲಿ.

ನಿನ್ನ
ಅಪ್ಪ

ಮರೆತ ಮಾತು: ಅಡುಗೆಮನೆಯಿಂದ ಅಮ್ಮ ನನ್ನನ್ನು ‘ರೀ’ ಎಂದು ಕರೆಯುತ್ತಿದ್ದಳಲ್ಲ, ನಿನ್ನೆ ಅದನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳಲು ನೋಡಿದೆ. ಯಂತ್ರದ ‘ರೀ’ಯೇ ಬಂತು. ಯಾವುದೋ ‘ಹೇಳ್ರೀ’ಯಿಂದ ನಾನೇ ಕತ್ತರಿಸಿ ಅಂಟಿಸಿದ್ದು. ಎಷ್ಟು ಪ್ರಯತ್ನಪಟ್ಟರೂ ಅದೇ ಬರುತ್ತದೆ; ಅಮ್ಮನ ‘ರೀ’ ನನ್ನೊಳಗಿಂದ ಹೊರಟುಹೋಗಿದೆ. ನಿನ್ನ ಫೋನಿನಲ್ಲಿ ಅಮ್ಮ ಮಾತಾಡಿ ಕಳಿಸಿದ ಹಳೆಯ ಮೆಸೇಜು ಏನಾದರೂ ಇದ್ದರೆ ಅಳಿಸಬೇಡ. ಆದರೆ ನನಗೆ ಕೇಳಿಸಲೂ ಬೇಡ. ಕೇಳಿ, ಇದು ಅವಳ ದನಿಯಲ್ಲ ಅನ್ನಿಸಿಬಿಟ್ಟರೆ ನಾನೇನು ಮಾಡಲಿ?